ಮಾವಿನಹಣ್ಣಿನ ಟೋಸ್ಟ್ ಮತ್ತು ಒಂದು ‘ವಿಷಯಾಂತರ’

ನನ್ನ ಅವಲೋಕನ ಪುಸ್ತಕದಲ್ಲಿ ಹನ್ನೊಂದನೇ ಪಾಠದ ಕೆಳಗೆ ಮೂರು ವಾಕ್ಯಗಳ ಷರಾ ಇದೆ. ‘ಪೀಠಿಕೆ ಆಕರ್ಷಕವಾಗಿದೆ. ಸ್ಥಳೀಯ ಸಾಮಗ್ರಿಗಳ ಬಳಕೆ ಉತ್ತಮ. ವಿದ್ಯಾರ್ಥಿಯ ವಿಷಯಾಂತರವನ್ನು ಸಮರ್ಥವಾಗಿ ತಡೆದು ಪಾಠವನ್ನು ನಿಗದಿತ ಸಮಯಕ್ಕೆ ಮುಗಿಸಿದ್ದಾರೆ.’ ಬೋಧನಾಭ್ಯಾಸದ ಅವಧಿಯಲ್ಲಿ ನನಗೆ ಸಿಕ್ಕ ಷರಾಗಳಲ್ಲಿ ಇದೇ ಅತ್ಯಂತ ಒಳ್ಳೆಯದು. ಓದಿದಾಗಲೆಲ್ಲ ನನಗೆ ಮುಜುಗರವಾಗುವುದೂ ಇದರಿಂದಲೇ. ಆ ಮೂರನೇ ವಾಕ್ಯದ ಹಿಂದೆ ನಡೆದದ್ದೇನು ಎಂದು ಹೇಳುವುದಕ್ಕಾಗಿ ಈ ಲೇಖನ. ಆ ದಿನ ಮಾಡಿದ ತಿಂಡಿಯನ್ನು ತಮ್ಮ ತರಗತಿಯಲ್ಲೂ ಮಾಡಿನೋಡಬೇಕೆನ್ನುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಅನುಕೂಲವಾಗಲೆಂದು ಅದರ ಕ್ರಮವನ್ನೂ ಜೊತೆಗೇ ಬರೆದಿದ್ದೇನೆ.

ನನಗೆ ಹಂಚಿಕೆಯಾಗಿದ್ದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಜೂನ್ ತಿಂಗಳು. ಬೇರೆ ಕಡೆ ಮಾವಿನ ಸುಗ್ಗಿ ಮುಗಿಯುತ್ತ ಬಂದಿದ್ದರೂ ಕೋಲಾರದ ಕಡೆ ಇನ್ನೂ ಜೋರಾಗಿರುತ್ತದೆ. ಬೆಳಗ್ಗೆ ಬಸ್ಸಿನಲ್ಲಿ ಹೋಗುವಾಗ ಮಾವು ತುಂಬಿದ ಟ್ರ್ಯಾಕ್ಟರುಗಳು ಮಂಡಿಯ ಕಡೆ ಸಾಲಾಗಿ ಹೋಗುತ್ತಿದ್ದವು. ಶಾಲೆಯಲ್ಲಿ ಆಗ ಸೇತುಬಂಧ ನಡೆಯುತ್ತಿತ್ತು. ಎಂಟನೇ ತರಗತಿಗೆ ಬಂದ 34 ಮಕ್ಕಳಿಗೆ ಏಳನೇ ತರಗತಿಯ ಕಲಿಕೆಯನ್ನು ಮತ್ತೆ ನೆನಪಿಸಿ ಗಟ್ಟಿಮಾಡುವ ಕೆಲಸ. ಮಾರ್ಗದರ್ಶಕ ಶಿಕ್ಷಕಿ ನನಗೆ ಕೊಟ್ಟ ಭಾಗ: ಆಮ್ಲ ಮತ್ತು ಪ್ರತ್ಯಾಮ್ಲ, ಭೌತ ಮತ್ತು ರಾಸಾಯನಿಕ ಬದಲಾವಣೆ.

ಕಾಗದ ಹರಿಯುವುದು ಭೌತ ಬದಲಾವಣೆ, ಕಾಗದ ಸುಡುವುದು ರಾಸಾಯನಿಕ ಬದಲಾವಣೆ ಎಂಬ ಉದಾಹರಣೆಯನ್ನು ಮಕ್ಕಳು ಹೋದ ವರ್ಷವೇ ಬಾಯಿಪಾಠ ಮಾಡಿದ್ದರು. ಬೇರೇನಾದರೂ ಬೇಕಿತ್ತು. ಆಗ ನೆನಪಾದದ್ದು ಹಣ್ಣು ಮತ್ತು ಮೆದು ಚೀಸಿನ ಟೋಸ್ಟ್.

ಬಿಎಸ್‌ಸಿ ಮುಗಿಸಿ ಬಿಎಡ್ ಸೇರುವ ಮುಂಚೆ ಎರಡು ವರ್ಷ ನಾನು ಬೆಂಗಳೂರಿನ ಒಂದು ಕೆಫೆಯಲ್ಲಿ ಬಿಲ್ ಬರೆಯುವ ಕೆಲಸದಲ್ಲಿದ್ದೆ. ಬೇಸಿಗೆ ಬಂದರೆ ಅಲ್ಲಿ ಒಂದು ತಿಂಡಿ ಶುರುವಾಗುತ್ತಿತ್ತು. ಗರಿಗರಿಯಾಗಿ ಕಾಯಿಸಿದ ಬ್ರೆಡ್ಡಿನ ಸಣ್ಣ ತುಂಡು, ಅದರ ಮೇಲೆ ರಿಕೋಟ ಎಂಬ ಬಿಳಿ ಮೆದು ಚೀಸು, ಅದರ ಮೇಲೆ ಪೀಚ್ ಹಣ್ಣಿನ ತೆಳು ಹೋಳು, ಒಂದು ತೊಟ್ಟು ಜೇನು, ಚಿಟಿಕೆ ಮೆಣಸಿನ ಪುಡಿ. ಇಟಲಿಯಲ್ಲಿ ಇಂಥ ತುಂಡುಗಳಿಗೆ ಕ್ರೊಸ್ತೀನಿ ಎನ್ನುತ್ತಾರೆ. ಪುಟ್ಟ ಟೋಸ್ಟುಗಳು ಎಂದಷ್ಟೇ ಅದರ ಅರ್ಥ. ನಾವು ಎಲೆಯ ತುದಿಗೆ ಕೋಸಂಬರಿ ಬಡಿಸುವ ಹಾಗೆ ಅವರು ಊಟಕ್ಕೆ ಮೊದಲು ಬಾಯಿರುಚಿಗೆ ಇದನ್ನು ಇಡುತ್ತಾರೆ. ಕೆಫೆಯಲ್ಲಿ ಒಂದು ತಟ್ಟೆಗೆ ನಾಲ್ಕೇ ತುಂಡು. ಅದರ ಬೆಲೆಯಲ್ಲಿ ನಮ್ಮ ಮನೆಗೆ ಎರಡು ದಿನದ ತರಕಾರಿ ಬರುತ್ತಿತ್ತು. ಆದರೆ ಅದರೊಳಗೆ ಇರುವುದೇನು? ಹಾಲು, ಹುಳಿ, ಬ್ರೆಡ್ಡು, ಹಣ್ಣು. ಪೀಚಿನ ಜಾಗಕ್ಕೆ ಮಾವಿನಹಣ್ಣು, ರಿಕೋಟದ ಜಾಗಕ್ಕೆ ನಿಂಬೆರಸ ಹಾಕಿ ಒಡೆಸಿದ ಹಾಲಿನ ಗಟ್ಟಿ. ಎರಡೂ ಬಿಳಿ, ಎರಡೂ ಮೆದು, ಎರಡೂ ಒಂದೇ ಎಂದುಕೊಂಡೆ. ಈ ‘ಎರಡೂ ಒಂದೇ’ ಎಂಬುದರಲ್ಲೇ ನಾನು ಎಡವಿದ್ದು. ಅದು ಗೊತ್ತಾಗಲು ಒಂದು ದಿನ ಬೇಕಾಯಿತು.

ಪಾಠಯೋಜನೆಯನ್ನು ಐದು ಹಂತಗಳಲ್ಲಿ ಬರೆದೆ. ತೊಡಗಿಸಿಕೊಳ್ಳುವುದು: ನಿಂಬೆರಸ ಮತ್ತು ಹಾಲನ್ನು ನೀಲಿ ಲಿಟ್ಮಸ್ ಕಾಗದದಿಂದ ಪರೀಕ್ಷಿಸುವುದು. ಪರಿಶೋಧನೆ: ಹಾಲು ಒಡೆಸುವುದು, ಬ್ರೆಡ್ ಕಾಯಿಸುವುದು, ಮಾವು ಹೆಚ್ಚುವುದು. ವಿವರಣೆ: ಯಾವುದು ಭೌತ, ಯಾವುದು ರಾಸಾಯನಿಕ, ಏಕೆ. ವಿಸ್ತರಣೆ: ಮನೆಯಲ್ಲಿ ಹಾಲಿಗೆ ಆಗುವ ಬೇರೆ ಬದಲಾವಣೆಗಳನ್ನು ಮಕ್ಕಳಿಂದ ಹೇಳಿಸುವುದು. ಮೌಲ್ಯಮಾಪನ: ಐದು ಪ್ರಶ್ನೆಗಳು ಮತ್ತು ಟೋಸ್ಟ್ ಹಂಚುವುದು. ಮುಖ್ಯ ಶಿಕ್ಷಕರ ಅನುಮತಿ ಸಿಕ್ಕಿತು. ಹಾಲು ಯಾರಿಗೂ ಒಗ್ಗದೆ ಇಲ್ಲ ಎಂದು ಮೊದಲೇ ಕೇಳಿಕೊಂಡೆ.

ಹಿಂದಿನ ದಿನ ಮಕ್ಕಳನ್ನು ‘ಯಾವ ಮಾವು ತರಲಿ’ ಎಂದು ಕೇಳಿದೆ. ಕೇಳಿದ್ದು ಒಳ್ಳೆಯದೇ ಆಯಿತು. ನಾನು ರಸಪುರಿ ಎಂದುಕೊಂಡಿದ್ದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ತಲೆ ಅಲ್ಲಾಡಿಸಿದಳು. “ರಸಪುರಿ ಬೇಡ ಮಿಸ್, ಅದು ಸೀಕರಣೆಗೆ. ರಸ ಇಳಿದು ಬ್ರೆಡ್ ನೆಂದೋಗುತ್ತೆ. ಬೇನಿಷಾ ತನ್ನಿ, ಚಾಕುಗೆ ಚೆನ್ನಾಗಿ ಕೂರುತ್ತೆ, ನಾರೂ ಇರಲ್ಲ.” ಬೇನಿಷಾ ಎಂದರೆ ಬಂಗನಪಲ್ಲಿ. ಇನ್ನೊಬ್ಬ, ಸ್ವಲ್ಪ ಹುಳಿ ಬೇಕಾದರೆ ತೋತಾಪುರಿ ಎಂದ. ಯಾವ ಕಾಯಿ ಮಂಡಿಗೆ, ಯಾವುದು ಜ್ಯೂಸ್ ಕಾರ್ಖಾನೆಗೆ, ಯಾವುದು ಮನೆಗೆ ಎಂಬುದೆಲ್ಲ ಆ ಮಕ್ಕಳಿಗೆ ಮಗ್ಗಿಯಷ್ಟು ಸಲೀಸು. ಅವರ ಮಾತಿನಂತೆ ಬೇನಿಷಾ ತೆಗೆದುಕೊಂಡೆ.

ಪಾಠದ ದಿನ ಬಿಸಿಯೂಟದ ಅಡುಗೆಮನೆಯಲ್ಲಿ ಎರಡು ಲೀಟರ್ ಹಸುವಿನ ಹಾಲು ಕಾಯಲು ಇಟ್ಟೆ. ಅಡುಗೆಯ ಅಕ್ಕ ಬಂದು ನೋಡಿ, “ಒಳ್ಳೆ ಹಾಲನ್ನ ಬೇಕೂಂತ ಒಡೆಸ್ತಾರೇನಮ್ಮಾ?” ಎಂದು ಬೇಸರ ಮಾಡಿಕೊಂಡರು. ನಮ್ಮ ಮನೆಯಲ್ಲೂ ಬೆಳಗ್ಗೆ ಹಾಲು ಒಡೆದರೆ ಅಮ್ಮನ ಮುಖ ಸಪ್ಪಗಾಗುತ್ತದೆ. ತಿನ್ನಲಿಕ್ಕೇ ಒಡೆಸುವುದು, ಚೆಲ್ಲುವುದಿಲ್ಲ ಎಂದು ಸಮಾಧಾನ ಹೇಳಿದೆ.

ಕ್ರಮ ಸುಲಭ. ಒಂದು ಲೀಟರ್ ಹಾಲಿಗೆ ಎರಡು ದೊಡ್ಡ ಚಮಚ ನಿಂಬೆರಸ ಸಾಕು. ಅಷ್ಟೇ ನೀರು ಬೆರೆಸಿಕೊಳ್ಳಬೇಕು. ಹಾಲು ಉಕ್ಕಿ ಬಂದ ಮೇಲೆ ಒಲೆಯಿಂದ ಇಳಿಸಿ, ಒಂದೆರಡು ನಿಮಿಷ ಬಿಟ್ಟು, ರಸವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಮೆಲ್ಲಗೆ ತಿರುಗಿಸಬೇಕು. ಜೋರಾಗಿ ಕಲಕಿದರೆ ಗಟ್ಟಿ ಪುಡಿಪುಡಿಯಾಗುತ್ತದೆ. ಬಿಳಿ ಮುದ್ದೆ ಒಂದು ಕಡೆ, ತಿಳಿಯಾದ ಹಸಿರು ಮಿಶ್ರಿತ ಹಳದಿ ನೀರು ಒಂದು ಕಡೆ ಆದಾಗ ಹಾಲು ಪೂರ್ತಿ ಒಡೆದಿದೆ ಎಂದು ಅರ್ಥ. ಆ ನೀರೇ ಹಾಲೊಡಕು. ಅದರ ಬಣ್ಣಕ್ಕೆ ಕಾರಣ ಹಾಲಿನಲ್ಲಿರುವ ರೈಬೋಫ್ಲೇವಿನ್ ಎಂಬ ವಿಟಮಿನ್.

ನಾನು ಹುಳಿ ಜಾಸ್ತಿಯಾದೀತೆಂದು ಹೆದರಿ ಕಡಿಮೆ ಹಾಕಿದ್ದೆ. ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಿದ್ದಾರೆ, ಹಿಂದೆ ನಮ್ಮ ಕಾಲೇಜಿನ ಮೇಲ್ವಿಚಾರಕರು ಪುಸ್ತಕ ತೆರೆದು ಕುಳಿತಿದ್ದಾರೆ, ಪಾತ್ರೆಯಲ್ಲಿ ಹಾಲು ತರಿತರಿಯಾಗಿ ಬೆಳ್ಳಗೇ ನಿಂತಿದೆ. ಬಾಗಿಲಲ್ಲಿ ನಿಂತಿದ್ದ ಅಕ್ಕನೇ “ಇನ್ನೊಂದು ಹೋಳು ಹಿಂಡಮ್ಮ” ಎಂದರು. ಹಿಂಡಿದೆ. ಕಣ್ಣೆದುರೇ ಮುದ್ದೆ ಬೇರೆ, ನೀರು ಬೇರೆ ಆಯಿತು. ಮಕ್ಕಳು ‘ಓ’ ಎಂದರು.

ಮುದ್ದೆಯನ್ನು ತೆಳು ಬಟ್ಟೆಯಲ್ಲಿ ಸೋಸಿ, ನಿಂಬೆಯ ಹುಳಿ ಹೋಗಲು ಒಮ್ಮೆ ತಣ್ಣೀರಿನಲ್ಲಿ ಜಾಲಿಸಿ, ಗಂಟು ಕಟ್ಟಿ ನೇತುಹಾಕಿದೆ. ಪನೀರಿಗೆ ಮಾಡುವಂತೆ ಭಾರ ಹೇರಬಾರದು. ಹತ್ತು ಹದಿನೈದು ನಿಮಿಷ ನೀರು ಇಳಿದರೆ ಸಾಕು, ಚಮಚದಲ್ಲಿ ಸವರುವಷ್ಟು ಮೆದುವಾಗಿರುತ್ತದೆ. ಚಿಟಿಕೆ ಉಪ್ಪು, ಒಂದೆರಡು ಚಮಚ ಹಾಲೊಡಕು ಸೇರಿಸಿ ಚೆನ್ನಾಗಿ ನಾದಿದರೆ ಮೆದು ಚೀಸು ಸಿದ್ಧ. ಎರಡು ಲೀಟರಿಗೆ ಸುಮಾರು 350 ಗ್ರಾಂ ಬಂತು. ಅದನ್ನು ಆ ದಿನವೇ ತಿಂದು ಮುಗಿಸಬೇಕು, ಇಟ್ಟುಕೊಳ್ಳಬಾರದು.

ಬ್ರೆಡ್ಡನ್ನು ತ್ರಿಕೋನವಾಗಿ ಕತ್ತರಿಸಿ, ಎಣ್ಣೆ ತುಪ್ಪ ಏನೂ ಹಾಕದೆ ಕಬ್ಬಿಣದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಕಾಯಿಸಿದೆವು. ಬ್ರೆಡ್ ಕಂದಾಗುವುದು ಬರೀ ಒಣಗುವುದರಿಂದ ಅಲ್ಲ. ಅದರಲ್ಲಿರುವ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಬಿಸಿಗೆ ಸೇರಿ ಹೊಸ ಬಣ್ಣ, ಹೊಸ ಪರಿಮಳ ಹುಟ್ಟುತ್ತದೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಲ್ ಮೇಯಾರ್ ಅವರ ಹೆಸರನ್ನೇ ಈ ಕ್ರಿಯೆಗೆ ಇಟ್ಟಿದ್ದಾರೆ. ಕಾಯಿಸಿದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದರೆ ಹಬೆಗೆ ಮೆತ್ತಗಾಗುತ್ತವೆ, ಬಿಡಿಬಿಡಿಯಾಗಿ ಆರಲು ಬಿಡಬೇಕು. ತಿನ್ನುವ ಹೊತ್ತಿಗೆ ಮೊದಲು ಚೀಸು ಸವರಿ, ಅದರ ಮೇಲೆ ಮಾವಿನ ಹೋಳು ಇಡಬೇಕು. ಮಧ್ಯದ ಚೀಸು ಹಣ್ಣಿನ ರಸ ಬ್ರೆಡ್ಡಿಗೆ ಬೇಗ ಇಳಿಯದಂತೆ ತಡೆಯುತ್ತದೆ. ಮೇಲೆ ಒಂದಿಷ್ಟು ಮೆಣಸಿನ ಪುಡಿ. ಜೇನಿನ ಅಗತ್ಯ ಬೀಳಲಿಲ್ಲ, ಹಣ್ಣೇ ಅಷ್ಟು ಸಿಹಿಯಿತ್ತು.

ಈಗ ಆ ಮೂರನೇ ವಾಕ್ಯಕ್ಕೆ ಬರುತ್ತೇನೆ.

ಹಲಗೆಯ ಮೇಲೆ ಎರಡು ಪಟ್ಟಿ ಬರೆದೆವು. ಮಾವು ಹೆಚ್ಚಿದ್ದು ಭೌತ ಬದಲಾವಣೆ. ಬ್ರೆಡ್ ಕಂದಾದದ್ದು, ಹಾಲು ಒಡೆದದ್ದು ರಾಸಾಯನಿಕ. ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಭಾಗ ಕೇಸೀನ್. ಅದು ಹಾಲಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಆ ಉಂಡೆಗಳ ಮೇಲೆ ಒಂದೇ ಬಗೆಯ ವಿದ್ಯುದಾವೇಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಆಮ್ಲ ಬಿದ್ದಾಗ ಆ ತಳ್ಳಾಟ ನಿಲ್ಲುತ್ತದೆ, ಉಂಡೆಗಳು ಅಂಟಿಕೊಂಡು ಮುದ್ದೆಯಾಗುತ್ತವೆ. ಇಷ್ಟು ಹೇಳಿ, ಸಾರಾಂಶವೆಂದು ಹಲಗೆಯ ಮೇಲೆ ದೊಡ್ಡದಾಗಿ ಬರೆದೆ: ‘ಹಾಲು ಗಟ್ಟಿಯಾಗಬೇಕಾದರೆ ಆಮ್ಲ ಬೇಕು.’

ಕಿಟಕಿಯ ಪಕ್ಕದ ಹುಡುಗ ಎದ್ದು ನಿಂತ. ಆವರೆಗೆ ಅವನ ಬಾಯಿಂದ ಒಂದು ಮಾತೂ ನಾನು ಕೇಳಿರಲಿಲ್ಲ. “ಮಿಸ್, ಜುನ್ನುಗೆ ನಿಂಬೆಹುಳಿ ಹಾಕಲ್ಲವಲ್ಲ. ಅದು ಬರೀ ಕಾಯಿಸಿದ್ರೇ ಗಟ್ಟಿ ಆಗುತ್ತೆ.”

ನಾನು ತುಮಕೂರಿನ ಕಡೆಯವಳು. ಜುನ್ನು ಎಂಬ ಮಾತು ಅರ್ಥವಾಗಲಿಲ್ಲ. “ಏನದು?” ಎಂದೆ. ತರಗತಿ ನಕ್ಕಿತು. ಆ ಊರಿನಲ್ಲಿ ಬಹಳ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ. ಒಬ್ಬ ಹುಡುಗಿ ಬಿಡಿಸಿ ಹೇಳಿದಳು, “ಹಸು ಈದಾಗ ಬರೋ ಹಾಲಲ್ಲಿ ಮಾಡೋದು ಮಿಸ್. ಗಿಣ್ಣು.”

ಪಾಠ ಮುಗಿಯಲು ಎಂಟು ನಿಮಿಷ ಇತ್ತು. ಮೌಲ್ಯಮಾಪನ ಆಗಿರಲಿಲ್ಲ. ಟೋಸ್ಟ್ ಹಂಚಿರಲಿಲ್ಲ. ಹಿಂದಿನ ಕುರ್ಚಿಯಲ್ಲಿ ಪೆನ್ನು ಓಡುತ್ತಿತ್ತು. ಗಿಣ್ಣು ಏಕೆ ಗಟ್ಟಿಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು ನಾನು ಹೇಳಿದ್ದು, “ಅದರಲ್ಲಿ ಹುಳಿ ಮೊದಲೇ ಇರುತ್ತೆ, ಅದಕ್ಕೆ.”

“ಹುಳಿ ಇರಲ್ಲ ಮಿಸ್. ನಾನು ಇವತ್ತು ಬೆಳಗ್ಗೆ ತಿಂದೆ.”

ಮತ್ತೆ ನಗು. ನನಗೆ ಮುಖ ಬಿಸಿಯಾಯಿತು. “ಸಾಕು, ಕೂತ್ಕೊ. ಪಾಠಕ್ಕೆ ಸಂಬಂಧಪಟ್ಟದ್ದು ಮಾತ್ರ ಕೇಳಬೇಕು.”

ಅವನು ಕೂತ. ತರಗತಿ ಶಾಂತವಾಯಿತು. ಐದು ಪ್ರಶ್ನೆಗಳಿಗೂ ಮಕ್ಕಳು ಕೈ ಎತ್ತಿ ಉತ್ತರ ಕೊಟ್ಟರು. ಟೋಸ್ಟ್ ಹಂಚಿದೆ. ಎಲ್ಲರೂ ಖುಷಿಯಿಂದ ತಿಂದರು, ಕೆಲವರು ಬೆರಳು ನೆಕ್ಕಿದರು. ಗಂಟೆ ಹೊಡೆದು ಮಕ್ಕಳು ಹೊರಗೆ ಓಡಿದ ಮೇಲೆ ನೋಡಿದರೆ, ಕಿಟಕಿಯ ಪಕ್ಕದ ಬೆಂಚಿನ ಮೇಲೆ ಒಂದು ಟೋಸ್ಟ್ ಹಾಗೇ ಇತ್ತು. ಮಾವಿನ ಹೋಳು ಒಂದು ಬದಿಗೆ ಜಾರಿತ್ತು.

ಸಂಜೆ ಕೋಣೆಯಲ್ಲಿ ಕೂತು ಪಾಠಯೋಜನೆಯನ್ನು ಮತ್ತೆ ತೆರೆದೆ. ‘ವಿಸ್ತರಣೆ’ಯ ಅಂಕಣದಲ್ಲಿ ನನ್ನದೇ ಅಕ್ಷರದಲ್ಲಿ ಬರೆದಿತ್ತು: ಮನೆಯಲ್ಲಿ ಹಾಲಿಗೆ ಆಗುವ ಬೇರೆ ಬದಲಾವಣೆಗಳನ್ನು ಮಕ್ಕಳಿಂದ ಹೇಳಿಸುವುದು. ಅವನು ಮಾಡಿದ್ದು ಅಷ್ಟನ್ನೇ, ನಾನು ಕೇಳುವ ಮುಂಚೆಯೇ. ಅದಕ್ಕಿಂತ ಹೆಚ್ಚಾಗಿ, ಹಲಗೆಯ ಮೇಲೆ ನಾನು ಬರೆದ ನಿಯಮ ಎಲ್ಲಿ ಮುರಿಯುತ್ತದೆ ಎಂದು ತೋರಿಸಿದ್ದ. ವಿಜ್ಞಾನ ಬೋಧನೆಯ ಗುರಿಗಳು ಎಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವಲ್ಲ, ವೀಕ್ಷಣೆ, ಪ್ರಶ್ನಿಸುವ ಮನೋಭಾವ, ಸಾಕ್ಷ್ಯ ಕೇಳುವುದು, ಅದೆಲ್ಲ ಆ ಒಂದು ಪ್ರಶ್ನೆಯಲ್ಲಿ ಇತ್ತು. ಅದನ್ನು ನಾನು ಕೂರಿಸಿದೆ. ಅದಕ್ಕೇ ನನಗೆ ಒಳ್ಳೆಯ ಷರಾ ಸಿಕ್ಕಿತು.

ಅಮ್ಮನಿಗೆ ಫೋನ್ ಮಾಡಿ ಗಿಣ್ಣಿನ ಬಗ್ಗೆ ಕೇಳಿದೆ. “ಹುಳಿ ಅಂತ ಯಾರೇ ಹೇಳಿದ್ದು? ಮೊದಲನೇ ದಿನದ್ದನ್ನ ಹಾಗೇ ಇಟ್ರೆ ತುಂಬಾ ಬಿರುಸಾಗುತ್ತೆ, ಅದಕ್ಕೇ ಬೇರೆ ಹಾಲು ಬೆರೆಸಿ, ಬೆಲ್ಲ ಏಲಕ್ಕಿ ಹಾಕಿ ಹಬೇಲಿ ಇಡೋದು. ನಾಲ್ಕೈದು ದಿನ ಕಳೆದ್ರೆ ಕಟ್ಟೋದೇ ಇಲ್ಲ,” ಎಂದರು. ಹುಳಿಯಲ್ಲ, ದಿನ ಕಳೆದ ಹಾಗೆ ಕಡಿಮೆಯಾಗುವ ಬೇರೇನೋ ಒಂದು ಅದರಲ್ಲಿದೆ ಎಂದಾಯಿತು.

ಬಿಎಸ್‌ಸಿಯ ಪುಸ್ತಕ ತೆಗೆದೆ. ಅದರಲ್ಲಿ ಇತ್ತು, ಓದಿಯೂ ಇದ್ದೆ, ಅಡಿಗೆರೆಯನ್ನೂ ಎಳೆದಿದ್ದೆ. ಈದ ಕೂಡಲೇ ಬರುವ ಹಾಲಿನಲ್ಲಿ ಕರುವಿಗೆ ರೋಗನಿರೋಧಕ ಶಕ್ತಿ ಕೊಡುವ ಇಮ್ಯುನೊಗ್ಲೋಬುಲಿನ್‌ಗಳು ತುಂಬಿರುತ್ತವೆ. ಮಾಮೂಲಿ ಹಾಲಿನಲ್ಲಿ ನೂರಕ್ಕೆ ಮೂರು ಚಿಲ್ಲರೆ ಭಾಗ ಪ್ರೋಟೀನು ಇದ್ದರೆ, ಮೊದಲ ಗಿಣ್ಣು ಹಾಲಿನಲ್ಲಿ ಸುಮಾರು ನಾಲ್ಕು ಪಟ್ಟು. ಅದರಲ್ಲಿ ಹೆಚ್ಚಿನದು ಕೇಸೀನ್ ಅಲ್ಲ, ಹಾಲೊಡಕಿನ ಗುಂಪಿಗೆ ಸೇರಿದ ಪ್ರೋಟೀನುಗಳು. ಕೇಸೀನ್ ಬರೀ ಬಿಸಿಗೆ ಸುಲಭವಾಗಿ ಜಗ್ಗುವುದಿಲ್ಲ, ಆಮ್ಲ ಬೇಕು. ಹಾಲೊಡಕಿನ ಪ್ರೋಟೀನುಗಳು ಹಾಗಲ್ಲ. ಬಿಸಿ ತಾಗಿದರೆ ಅವುಗಳ ಮಡಿಕೆ ಬಿಚ್ಚಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಮೊಟ್ಟೆಯ ಬಿಳಿ ಗಟ್ಟಿಯಾಗುವ ಹಾಗೆ. ಗಿಣ್ಣು ಕಟ್ಟುವುದು ಹೀಗೆ.

ಆಗ ಕೆಫೆಯ ಅಡುಗೆಯವರು ಒಮ್ಮೆ ಹೇಳಿದ್ದು ನೆನಪಾಯಿತು. ರಿಕೋಟ ಎಂದರೆ ಇಟಲಿಯ ಭಾಷೆಯಲ್ಲಿ ‘ಮತ್ತೆ ಬೇಯಿಸಿದ್ದು’. ಬೇರೆ ಚೀಸು ಮಾಡಿ ಉಳಿದ ಹಾಲೊಡಕನ್ನೇ ಮತ್ತೆ ಕಾಯಿಸಿ ಅದನ್ನು ತೆಗೆಯುತ್ತಾರೆ. ಅಂದರೆ ನಾನು ಯಾವ ಟೋಸ್ಟನ್ನು ನೋಡಿ ಈ ಪಾಠ ಕಟ್ಟಿದ್ದೆನೋ, ಅದರ ಮೇಲಿದ್ದ ಬಿಳಿ ಚೀಸು ನಿಂಬೆಯಲ್ಲಿ ಒಡೆಸಿದ ಹಾಲಿಗಿಂತ ಗಿಣ್ಣಿಗೇ ಹತ್ತಿರದ ನೆಂಟ. ಹುಡುಗನ ಪ್ರಶ್ನೆ ವಿಷಯಾಂತರವಾಗಿರಲಿಲ್ಲ, ಆ ತಿಂಡಿಯ ನಡುಮಧ್ಯಕ್ಕೇ ಬಂದಿತ್ತು.

ಚಪಾತಿ ಹಿಟ್ಟು ಕಲಸಲೆಂದು ಬಾಟಲಿಯಲ್ಲಿ ತಂದಿದ್ದ ಹಾಲೊಡಕನ್ನು ಆ ರಾತ್ರಿ ಒಲೆಯ ಮೇಲಿಟ್ಟು ಕಾಯಿಸಿದೆ. ರಿಕೋಟ ಬರಲಿಲ್ಲ, ನಾಲ್ಕು ಬಿಳಿ ಚೂರು ತೇಲಿದವು ಅಷ್ಟೇ. ಅದಕ್ಕೂ ಕಾರಣ ಇದೆ. ನಾವು ಹಾಲನ್ನು ಮೊದಲೇ ಕುದಿಸಿದ್ದರಿಂದ ಹಾಲೊಡಕಿನ ಪ್ರೋಟೀನುಗಳಲ್ಲಿ ಹೆಚ್ಚಿನವು ಆಗಲೇ ಮಡಿಕೆ ಬಿಚ್ಚಿಕೊಂಡು ಕೇಸೀನಿಗೆ ಅಂಟಿ ಮುದ್ದೆಯ ಜೊತೆ ಹೋಗಿದ್ದವು. ಹಾಲನ್ನು ಕುದಿಸದೆ, ರೆನೆಟ್ ಎಂಬ ಕಿಣ್ವ ಹಾಕಿ ಚೀಸು ಮಾಡುವಲ್ಲಿ ಅವು ನೀರಿನಲ್ಲೇ ಉಳಿಯುತ್ತವೆ, ಆಮೇಲೆ ಕಾಯಿಸಿದಾಗ ಗಟ್ಟಿಯಾಗುತ್ತವೆ. ನಾಲ್ಕು ಚೂರು ನೋಡಿ ನನಗೆ ಬೇಸರವಾಗಲಿಲ್ಲ. ಈ ಪಾಠದಲ್ಲಿ ನಾನೇ ಒಂದು ಪ್ರಶ್ನೆ ಕೇಳಿ ಉತ್ತರ ಹುಡುಕಿದ್ದು ಇದೇ ಮೊದಲು.

ಮರುದಿನ ತರಗತಿಗೆ ಹೋಗಿ ತಪ್ಪು ಹೇಳಿದೆನೆಂದು ಒಪ್ಪಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ವಾಕ್ಯ ಕೂಡಿಸುತ್ತ ಬಂದೆ. ಅಷ್ಟಕ್ಕೆ ಅವನು ಅವಕಾಶ ಕೊಡಲಿಲ್ಲ. ಹಾಜರಿ ತೆಗೆಯುವ ಮುಂಚೆಯೇ ಒಂದು ಸ್ಟೀಲ್ ಡಬ್ಬಿ ತಂದು ಮೇಜಿನ ಮೇಲಿಟ್ಟ. ಒಳಗೆ ದಪ್ಪನೆಯ, ಹಳದಿ ಛಾಯೆಯ ಹಾಲು.

“ಜುನ್ನು ಹಾಲು ಮಿಸ್. ಕರು ಕುಡಿದು ಮಿಕ್ಕಿದ್ದು. ಆ ನೀಲಿ ಕಾಗದ ಇದ್ರೆ ಕೊಡಿ.”

ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸೊಕ್ಕೂ ಇರಲಿಲ್ಲ. ನಿನ್ನೆ ಪಾಠದ ಆರಂಭದಲ್ಲಿ ನಾನೇ ಹೇಳಿದ್ದೆ, ಹುಳಿ ಇದೆಯೋ ಇಲ್ಲವೋ ಎಂದು ನಾಲಿಗೆಯನ್ನು ನಂಬಬೇಡಿ, ಲಿಟ್ಮಸ್ಸನ್ನು ಕೇಳಿ ಎಂದು. ಅವನು ಅದನ್ನು ಕೇಳಿಸಿಕೊಂಡಿದ್ದ. ನಾನು ಅವನನ್ನು ಕೇಳಿಸಿಕೊಂಡಿರಲಿಲ್ಲ.

ಮೂರು ಕಾಗದ ಕೊಟ್ಟೆ. ನಿಂಬೆರಸಕ್ಕೆ ಕಾಗದ ಕೆಂಪಾಯಿತು. ಮಾಮೂಲಿ ಹಾಲಿಗೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಜುನ್ನು ಹಾಲಿಗೂ ಹಾಗೆಯೇ. ಅವನು ಎರಡು ಕಾಗದಗಳನ್ನು ಅಕ್ಕಪಕ್ಕ ಹಿಡಿದು ತರಗತಿಗೆಲ್ಲ ತೋರಿಸಿ, “ನೋಡಿ, ಎರಡೂ ಒಂದೇ ಥರ,” ಎಂದ.

ದಾರಿಯಲ್ಲಿ ಕೂಡಿಸಿಕೊಂಡ ವಾಕ್ಯಗಳು ಯಾವುವೂ ಬಾಯಿಗೆ ಬರಲಿಲ್ಲ. “ನಿನ್ನೆ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ಹೆದರಿಕೊಂಡು ಸುಳ್ಳು ಉತ್ತರ ಕೊಟ್ಟೆ. ಇವನು ಸರಿ ಹೇಳಿದ್ದ. ಹಲಗೆ ಮೇಲೆ ನಾನು ಬರೆದದ್ದು ತಪ್ಪು,” ಎಂದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಮುಂದಿನ ಬೆಂಚಿನ ಹುಡುಗಿ ಕೇಳಿದಳು, “ಹಾಗಾದ್ರೆ ಅದು ಯಾಕೆ ಗಟ್ಟಿ ಆಗುತ್ತೆ ಮಿಸ್?” ಪಾಠ ಶುರುವಾಯಿತು.

ಅಡುಗೆಮನೆಯಲ್ಲಿ ಒಂದು ಅಗಲ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಎರಡು ಲೋಟ ಇಟ್ಟೆವು. ಒಂದರಲ್ಲಿ ಮಾಮೂಲಿ ಹಾಲು, ಇನ್ನೊಂದರಲ್ಲಿ ಬೆಲ್ಲ ಕರಗಿಸಿದ ಜುನ್ನು ಹಾಲು. ಯಾವುದಕ್ಕೂ ನಿಂಬೆಯಿಲ್ಲ. ಕಾಲು ಗಂಟೆಯ ಮೇಲೆ ಮೊದಲ ಲೋಟದಲ್ಲಿ ಕೆನೆ ಕಟ್ಟಿತ್ತು, ಅಷ್ಟೇ. ಎರಡನೆಯದನ್ನು ಓರೆ ಮಾಡಿದರೆ ಅಲುಗಲಿಲ್ಲ. ಮಕ್ಕಳು ನಿನ್ನೆಯ ನಿಯಮವನ್ನು ತಿದ್ದಿದರು. ಚರ್ಚೆ ಮಾಡಿ ಅವರೇ ಬರೆದದ್ದು ಹೀಗಿದೆ: ‘ಹಾಲಿನಲ್ಲಿ ಎರಡು ಬಗೆಯ ಪ್ರೋಟೀನು ಇದೆ. ಒಂದು ಹುಳಿಗೆ ಗಟ್ಟಿಯಾಗುತ್ತದೆ, ಇನ್ನೊಂದು ಬಿಸಿಗೆ ಗಟ್ಟಿಯಾಗುತ್ತದೆ. ಜುನ್ನು ಹಾಲಿನಲ್ಲಿ ಎರಡನೆಯದು ಜಾಸ್ತಿ.’ ಪಠ್ಯಪುಸ್ತಕದ ಭಾಷೆ ಅಲ್ಲ, ಆದರೆ ನನ್ನ ವಾಕ್ಯಕ್ಕಿಂತ ಎಷ್ಟೋ ಸರಿ.

ನಿನ್ನೆಯ ಬ್ರೆಡ್ ಪೊಟ್ಟಣದಲ್ಲಿ ಇನ್ನೂ ಒಂದಷ್ಟು ಹೋಳು ಉಳಿದಿತ್ತು. ಜುನ್ನನ್ನು ಬ್ರೆಡ್ ಮೇಲೆ ಇಟ್ಟರೆ ಹೇಗೆ ಎಂದು ಕೇಳಿದವನು ಅವನೇ. ಸಣ್ಣ ಸಣ್ಣ ಚೌಕ ಮಾಡಿ ಕಾವಲಿಯ ಮೇಲೆ ಕಾಯಿಸಿದೆವು. ಮೇಲೆ ಜುನ್ನಿನ ಒಂದು ತೆಳು ಪದರ, ಅದರ ಮೇಲೆ ಒಬ್ಬ ಹುಡುಗ ತಂದಿದ್ದ ತೋತಾಪುರಿಯ ಸಣ್ಣ ಹೋಳು. ಬೆಲ್ಲದ ಸಿಹಿಗೆ ತೋತಾಪುರಿಯ ಸ್ವಲ್ಪ ಹುಳಿ ಚೆನ್ನಾಗಿ ಹೊಂದಿತು. 34 ಮಕ್ಕಳಿಗೆ ಬೆರಳಗಲದ್ದೊಂದು ತುಂಡು. ರುಚಿಯಲ್ಲಿ ನಿನ್ನೆಯದಕ್ಕಿಂತ ಇದೇ ಮೇಲು ಎಂದು ಎಲ್ಲರೂ ಹೇಳಿದರು. ಕಿಟಕಿಯ ಪಕ್ಕದ ಬೆಂಚಿನ ಮೇಲೆ ಆ ದಿನ ಏನೂ ಉಳಿಯಲಿಲ್ಲ.

ಆ ಪಾಠವನ್ನು ಯಾರೂ ಅವಲೋಕಿಸಲಿಲ್ಲ. ಸಮಯಕ್ಕೆ ಮುಗಿಯಲೂ ಇಲ್ಲ, ಗಣಿತದ ಮೇಷ್ಟ್ರು ಹತ್ತು ನಿಮಿಷ ಬಿಟ್ಟುಕೊಟ್ಟರು. ಪಾಠಯೋಜನೆಯ ಪುಸ್ತಕದಲ್ಲಿ ಅದಕ್ಕೆ ಕ್ರಮಸಂಖ್ಯೆಯೂ ಇಲ್ಲ. ಹನ್ನೊಂದನೇ ಪಾಠದ ಪುಟದಲ್ಲಿ ಸ್ವ-ಅವಲೋಕನಕ್ಕೆ ಬಿಟ್ಟ ಜಾಗದಲ್ಲಿ ಬರೆದೆ: ‘ವಿದ್ಯಾರ್ಥಿ ಕೇಳಿದ್ದು ವಿಷಯಾಂತರವಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ.’ ಮೇಲ್ವಿಚಾರಕರಿಗೆ ಪುಸ್ತಕ ಒಪ್ಪಿಸುವಾಗ ಕೈ ನಡುಗಿತು. ಅವರು ಓದಿ, ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡರು. “ನಿಮ್ಮ ಪಾಠ ನೋಡುವಾಗ ನಾನೂ ಗಡಿಯಾರ ನೋಡ್ತಿದ್ದೆ,” ಎಂದರು. ಷರಾವನ್ನಾಗಲಿ ಅಂಕವನ್ನಾಗಲಿ ಬದಲಿಸಲಿಲ್ಲ. ನಾನು ಬರೆದದ್ದರ ಕೆಳಗೆ ದಿನಾಂಕ ಹಾಕಿ ಸಹಿ ಮಾಡಿದರು.

ಈಗ ನನ್ನ ಪಾಠಯೋಜನೆಗಳಲ್ಲಿ ಒಂದು ಸಣ್ಣ ಬದಲಾವಣೆ ಮಾಡಿಕೊಂಡಿದ್ದೇನೆ. ಹಲಗೆಯ ಮೇಲೆ ಸಾರಾಂಶ ಬರೆದ ಮೇಲೆ, ಮೌಲ್ಯಮಾಪನಕ್ಕೆ ಮೊದಲು, ಐದು ನಿಮಿಷ ಖಾಲಿ ಬಿಡುತ್ತೇನೆ. ‘ಇದು ಎಲ್ಲಿ ತಪ್ಪಾಗುತ್ತೆ ಹೇಳಿ’ ಎಂದು ಕೇಳುತ್ತೇನೆ. ಹೆಚ್ಚಿನ ದಿನ ಯಾರೂ ಮಾತಾಡುವುದಿಲ್ಲ, ಐದು ನಿಮಿಷ ಮೌನದಲ್ಲೇ ಹೋಗುತ್ತದೆ. ಅವಲೋಕನಕ್ಕೆ ಬಂದವರಿಗೆ ಅದು ಸಮಯ ವ್ಯರ್ಥ ಎನಿಸಬಹುದು. ಒಬ್ಬರು ಹಾಗೆಂದು ಬರೆದೂ ಇದ್ದಾರೆ. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಹಲಗೆಯ ಮೂಲೆಯಲ್ಲಿ ಬರೆದಿಟ್ಟು, ನಾಳೆ ನೋಡೋಣ ಎನ್ನುತ್ತೇನೆ. ಹಾಗೆ ಹೇಳುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಆದರೂ ಹೇಳಲು ಸಾಧ್ಯವಾಗುತ್ತಿದೆ.

ಡಬ್ಬಿಯ ವಿಷಯ ಬಾಕಿ ಇದೆ. ಗಿಣ್ಣು ಹಾಲನ್ನು ಬಹಳ ಮನೆಗಳಲ್ಲಿ ಮಾರುವುದಿಲ್ಲ, ಅಕ್ಕಪಕ್ಕದವರಿಗೆ ಕೊಡುತ್ತಾರೆ. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು ಎಂದು ಅಮ್ಮ ಕಲಿಸಿದ್ದಾರೆ. ಅದರ ಮರುದಿನ ಬೆಳಗ್ಗೆ ಅರ್ಧ ಲೀಟರ್ ಹಾಲು ಒಡೆಸಿ, ಮೆದು ಚೀಸು ಮಾಡಿ ಡಬ್ಬಿಗೆ ತುಂಬಿದೆ. ಬ್ರೆಡ್ಡನ್ನು ಕಾಯಿಸಿ, ಮೆತ್ತಗಾಗದಂತೆ ಬೇರೆ ಕಾಗದದಲ್ಲಿ ಸುತ್ತಿಕೊಟ್ಟೆ. ಮಾವು ಅವನ ಮನೆಯಲ್ಲೇ ಇತ್ತು. ತಿನ್ನುವಾಗ ಹೇಗೆ ಜೋಡಿಸಬೇಕೆಂದು ಅವನಿಗೆ ಹೇಳಿಕೊಡುವ ಅಗತ್ಯ ಇರಲಿಲ್ಲ.

ಸೋಮವಾರ ಬಂದು ಹೇಳಿದ, “ಅಜ್ಜಿಗೆ ಹಿಡಿಸ್ತು ಮಿಸ್. ಇದು ಯಾವ ಹಸುವಿನ ಜುನ್ನು ಅಂತ ಕೇಳಿದ್ರು.”

“ನೀನೇನು ಹೇಳಿದೆ?”

“ಇದು ಜುನ್ನು ಅಲ್ಲ, ಹುಳಿ ಹಾಕಿದ್ದು ಅಂದೆ. ಹುಳಿ ಹಾಕಿದ್ರೆ ಯಾಕೆ ಒಡೆಯುತ್ತೆ ಅಂತ ಕೇಳಿದ್ರು. ಅದನ್ನೂ ಹೇಳಿದೆ.”